ಕೋಚ್ ಪ್ರತಿ ಭಾನುವಾರ ಬರುತ್ತಿದ್ದ

ಆತ ತೀರಿಕೊಂಡು ಮೂರು ತಿಂಗಳಾಯಿತು. ಹಳೆಯ ಆಟಗಾರರು ಇನ್ನೂ ಬರೆಯುತ್ತಲೇ ಇದ್ದಾರೆ. ಕೋಚ್ ಇಲ್ಲದಿದ್ದರೆ ನಾನು ಜೈಲಿನಲ್ಲಿರುತ್ತಿದ್ದೆ ಎಂದು ಒಬ್ಬ ಬರೆದಿದ್ದಾನೆ. ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವರು ಅವರೇ ಎಂದು ಇನ್ನೊಬ್ಬ. ಎಲ್ಲ ನಿಜವೇ ಇರಬೇಕು. ನಾನೂ ಒಂದಿಷ್ಟು ಬರೆಯುತ್ತೇನೆ. ನಮ್ಮಲ್ಲಿ ಸತ್ತವರನ್ನು ‘ಅವರು’ ಎನ್ನುವುದು ರೂಢಿ. ನನ್ನ ಮರ್ಯಾದೆ ‘ಆತ’ ಎನ್ನುವಷ್ಟಕ್ಕೇ ಮುಗಿಯುತ್ತದೆ.

ಅಮೆರಿಕದ ಓಕ್‌ಲ್ಯಾಂಡಿನ ಆಚೆ ಬೆಟ್ಟದ ಮಗ್ಗುಲಲ್ಲಿ ಒಂದು ಸಣ್ಣ ಕಾಲೇಜು. ಹೆಸರು ಬೇಡ. ನಾನು ಅಲ್ಲಿ ಫುಟ್‌ಬಾಲ್ ತಂಡದ ಫಿಸಿಯೋ ಆಗಿದ್ದೆ, ಒಂಬತ್ತು ವರ್ಷ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕದವರದು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವವನನ್ನು ಎದುರಾಳಿಗಳು ಡಿಕ್ಕಿ ಹೊಡೆದು ಕೆಡವುವ ಆಟ. ಹೆಲ್ಮೆಟ್ಟು, ಭುಜಕ್ಕೆ ಕವಚ, ಎಲ್ಲ ಇದ್ದೂ ಮೂಳೆ ಮುರಿಯುತ್ತದೆ. ಟೀವಿಯಲ್ಲಿ ಬರುವ ದೊಡ್ಡ ಯೂನಿವರ್ಸಿಟಿಗಳಲ್ಲಿ ಕೋಚುಗಳೆಂದರೆ ರಾಜರು. ನಮ್ಮ ಕಾಲೇಜಿನಲ್ಲಿ ಕೋಚ್ ಎಂದರೆ ಶುಕ್ರವಾರ ಬೆಳಿಗ್ಗೆ ಗಾಡಿ ತಳ್ಳಿಕೊಂಡು ಮೈದಾನಕ್ಕೆ ತಾನೇ ಬಿಳಿ ಗೆರೆ ಎಳೆಯುವವನು. ದೂರದ ಪಂದ್ಯಗಳಿಗೆ ಎರಡನೇ ವ್ಯಾನನ್ನು ತಾನೇ ಓಡಿಸುವವನು. ಜರ್ಸಿಗಳನ್ನು ವಾಷಿಂಗ್ ಮಶೀನಿಗೆ ಹಾಕಿ, ಅದು ನಿಲ್ಲುವ ತನಕ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಎದುರಾಳಿ ತಂಡದ ವಿಡಿಯೋ ನೋಡುವವನು. ಇಪ್ಪತ್ತೆರಡು ವರ್ಷ ಆತ ಇಷ್ಟನ್ನೂ ಮಾಡಿದ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ದೊಡ್ಡ ಆಳು. ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತಿದ್ದ. ಬೇರೆ ಕೋಚುಗಳ ಹಾಗೆ ಕಿರುಚುತ್ತಿರಲಿಲ್ಲ. ಕೋಪ ಬಂದಷ್ಟೂ ದನಿ ಇಳಿಯುತ್ತಿತ್ತು. ಪೂರ್ತಿ ಪಿಸುಮಾತಿಗೆ ಬಂದರೆ ಹುಡುಗರು ಬೂಟಿನ ಲೇಸು ನೋಡುತ್ತಾ ನಿಲ್ಲುತ್ತಿದ್ದರು.

ನನ್ನ ಹೆಸರು ನಾಗರತ್ನ. ಸೇರಿದ ಹೊಸದರಲ್ಲಿ ಆತನ ಸಹಾಯಕ ಕೋಚುಗಳು ಮೂವರು ನನ್ನನ್ನು ‘ನ್ಯಾಗ್’ ಎಂದು ಕರೆಯತೊಡಗಿದರು. ಇಂಗ್ಲಿಷಿನಲ್ಲಿ ಅದಕ್ಕೆ ಸದಾ ಗೊಣಗಿ ಪ್ರಾಣ ತಿನ್ನುವುದು ಎಂಬ ಅರ್ಥವಿದೆ. ಆತ ಎರಡು ವಾರ ನನ್ನ ಕೋಣೆಗೆ ದಿನಾ ಬಂದು, ಕೂತು, ನನ್ನ ಹೆಸರನ್ನು ತುಂಡು ತುಂಡಾಗಿ ಹೇಳಿಸಿಕೊಂಡು ಕಲಿತ. ಆಮೇಲೆ ಆ ಮೂವರನ್ನೂ ನಿಲ್ಲಿಸಿ ನನ್ನೆದುರಿಗೇ ಹತ್ತು ಹತ್ತು ಸಲ ಪೂರ್ತಿ ಹೆಸರು ಹೇಳಿಸಿದ. ಮೈಸೂರಿನಲ್ಲಿ ನಮ್ಮಪ್ಪ ಹೋದಾಗ, ವೀಸಾ ತಾಪತ್ರಯದಿಂದ ನಾನು ಹೋಗಲಾಗಲಿಲ್ಲ. ಅವತ್ತು ಆತ ಬಂದು ಒಂದು ಗಂಟೆ ನನ್ನೆದುರು ಕೂತಿದ್ದ. ಆಮೇಲೆ ಎದ್ದು, ಆಟದಲ್ಲಿ ಉಳುಕದಿರಲೆಂದು ನಾನು ಸುತ್ತುವ ಟೇಪನ್ನು ತೊಂಬತ್ತು ಹುಡುಗರ ಕಾಲಿಗೆ ತಾನೇ ಸುತ್ತಿದ. ಒಂದೂ ಸರಿಯಾಗಿ ಸುತ್ತಿರಲಿಲ್ಲ. ಇದನ್ನೆಲ್ಲ ಬರೆಯದೆ ಬಿಟ್ಟಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಆಟಗಾರರನ್ನು ಆರಿಸಲು ಆತ ಅವರ ಮನೆಗೇ ಹೋಗುತ್ತಿದ್ದ. ಬಡಿಸಿದ್ದನ್ನು ಉಂಡು, ಅಮ್ಮಂದಿರ ಹೆಸರು ನೆನಪಿಟ್ಟುಕೊಂಡು, ಏಳುವಾಗ ಪ್ರತಿ ಅಮ್ಮನಿಗೂ ಒಂದೇ ಮಾತು ಹೇಳುತ್ತಿದ್ದನಂತೆ: “ನಿಮ್ಮ ಮಗನ ಕೈಗೆ ಡಿಗ್ರಿ ಕೊಟ್ಟು ವಾಪಸ್ ಕಳಿಸ್ತೀನಿ.” ಸೋಮವಾರಗಳಂದು ಹಿಂದಿನ ಪಂದ್ಯದ ವಿಡಿಯೋ ಹಾಕಿ, ತಪ್ಪು ಮಾಡಿದವನ ಮೇಲೆ ಚಿತ್ರ ನಿಲ್ಲಿಸುತ್ತಿದ್ದ. ಬೈಯುತ್ತಿರಲಿಲ್ಲ. “ಇಲ್ಲಿ ನೀನು ಏನು ಮಾಡ್ತಾ ಇದ್ದೀಯ? ನೀನೇ ಹೇಳು” ಎನ್ನುತ್ತಿದ್ದ. ಹುಡುಗ ಎಲ್ಲರೆದುರು ತನ್ನ ತಪ್ಪನ್ನು ತನ್ನ ಬಾಯಿಂದ ಹೇಳುವ ತನಕ ಚಿತ್ರ ಮುಂದಕ್ಕೆ ಹೋಗುತ್ತಿರಲಿಲ್ಲ.

ನನ್ನ ಕೊನೆಯ ವರ್ಷ ಕಾಲೇಜಿನ ಅಧ್ಯಕ್ಷರು ಆತನನ್ನು ಕರೆದು, ಈ ಸಲವಾದರೂ ಸೋಲಿಗಿಂತ ಗೆಲುವು ಹೆಚ್ಚಿರದಿದ್ದರೆ ತಂಡವನ್ನೇ ಮುಚ್ಚುತ್ತೇವೆ ಎಂದರು. ಅಲ್ಲಿಂದ ಆತ ಬದಲಾದ. ಆಡಬಾರದು ಎಂದು ನಾನು ಹೇಳಿದವರನ್ನೂ ಆಡಿಸತೊಡಗಿದ. ಪಾದ ಉಳುಕಿದವನು, ಭುಜ ಜಾರಿದವನು, ಎಲ್ಲರೂ ಒಳಗೆ. ಹೋಗಿ ಕೇಳಿದರೆ ಹುಡುಗರ ಎದುರೇ, “ಡಾಕ್ ಕಣ್ಣಿಗೆ ಎಲ್ಲರೂ ಗಾಜಿನ ಗೊಂಬೆಗಳು” ಎನ್ನುತ್ತಿದ್ದ. ನಾಗರತ್ನ ಹೋಗಿ ನಾನು ‘ಡಾಕ್’ ಆಗಿದ್ದೆ. ನಾನು ಡಾಕ್ಟರ್ ಅಲ್ಲ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಆ ಕರೆಯಲ್ಲೇ ಕುಹಕವಿತ್ತು. ಹುಡುಗರು ನಗುತ್ತಿದ್ದರು.

ಕೊನೆಯ ಪಂದ್ಯ. ಅದನ್ನು ಗೆದ್ದರೆ ತಂಡ ಉಳಿಯುತ್ತಿತ್ತು. ಆಟ ಅರ್ಧ ಮುಗಿದು ಸ್ವಲ್ಪ ಹೊತ್ತಿಗೆ ಸಿಯೋನೆ ಎಂಬ ಹುಡುಗ ಡಿಕ್ಕಿಯಾಗಿ ಬಿದ್ದು, ಎದ್ದು, ನಮ್ಮ ಬೆಂಚಿಗೆ ಬರುವ ಬದಲು ಎದುರಾಳಿಗಳ ಬೆಂಚಿನ ಕಡೆ ನಡೆದ. ಅವನ ಮನೆಯವರು ಟೋಂಗಾ ದ್ವೀಪದ ಕಡೆಯವರು. ಗೋಡೆಯಂಥ ಮೈ, ಇಪ್ಪತ್ತು ವರ್ಷ, ಎಂಥ ನಾಚಿಕೆಯ ಹುಡುಗನೆಂದರೆ ಟೇಪು ಸುತ್ತುವಾಗ ನನಗೆ ಪ್ರತಿ ಕಾಲಿಗೂ ಬೇರೆ ಬೇರೆ ಥ್ಯಾಂಕ್ಸ್ ಹೇಳುತ್ತಿದ್ದ. ಓಡಿಹೋಗಿ ಕರೆತಂದೆ. ಇದು ಯಾವ ತಿಂಗಳು ಎಂದು ಕೇಳಿದೆ. “ಮೇ” ಎಂದ. ಆಗ ನವೆಂಬರ್. ಹೆಲ್ಮೆಟ್ ಕಿತ್ತು ನನ್ನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದೆ. ತಲೆಗೆ ಪೆಟ್ಟಾದವನು ಮತ್ತೆ ಒಳಗೆ ನುಗ್ಗದಂತೆ ಫಿಸಿಯೋಗಳೆಲ್ಲ ಹೀಗೇ ಮಾಡುವುದು. ಆತನ ಹತ್ತಿರ ಹೋಗಿ ಹೇಳಿದೆ:

“ಸಿಯೋನೆದು ಮುಗೀತು. ತಲೆಗೆ ಬಿದ್ದಿದೆ. ಇವತ್ತು ಆಡೋ ಹಾಗಿಲ್ಲ.”

“ಆಗಲಿ, ಡಾಕ್” ಎಂದ, ಮೈದಾನದಿಂದ ಕಣ್ಣು ತೆಗೆಯದೆ.

ಹತ್ತು ನಿಮಿಷದ ನಂತರ ನೋಡಿದರೆ ಸಿಯೋನೆ ಮೈದಾನದ ನಡುವೆ ಇದ್ದ, ಬೇರೆ ಯಾರದೋ ಹೆಲ್ಮೆಟ್ಟಿನಲ್ಲಿ. ನಾನು ಕೂಗಿದೆ, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹಾಗೆಂದೇ ಎಲ್ಲರಿಗೂ ಹೇಳಿದ್ದೆ, ಹಾಗೆಂದೇ ನಂಬಿದ್ದೆ. ನಿಂತು ನಿಂತು ನಡೆಯುವ ಆ ಆಟದಲ್ಲಿ ಮೂರನೇ ಸಲ ಚೆಂಡು ಹೊರಟಾಗ ಅವನು ಬಿದ್ದ. ಈ ಸಲ ಏಳಲಿಲ್ಲ. ಆಂಬ್ಯುಲೆನ್ಸ್ ಹೋದ ಮೇಲೆ ಆಟ ಮುಂದುವರಿಯಿತು, ನಮ್ಮವರು ಮೂರು ಅಂಕದಿಂದ ಗೆದ್ದರು.

ಸಿಯೋನೆ ಉಳಿದ. ತಲೆಬುರುಡೆ ತೆರೆದು ರಕ್ತ ತೆಗೆದರು. ನಡೆಯುತ್ತಾನೆ, ನಿಧಾನವಾಗಿ ಮಾತಾಡುತ್ತಾನೆ, ಹಳೆಯದೆಲ್ಲ ನೆನಪಿದೆ. ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ವರ್ಷಗಟ್ಟಲೆ ನಡೆಯುವ ರೂಢಿಗಳಷ್ಟೇ ಹೇಗೋ ಅಂಟಿಕೊಳ್ಳುತ್ತವೆ.

ಕಾಲೇಜು ವಿಚಾರಣೆ ನಡೆಸಿತು. ಉದ್ದ ಮೇಜಿನ ಆಚೆ ಕೂತು ಆತ ಅದೇ ಪಿಸುದನಿಯಲ್ಲಿ, “ಆಡಬಾರದು ಅಂತ ಫಿಸಿಯೋ ನನಗೆ ಹೇಳಲಿಲ್ಲ” ಎಂದ. ನನ್ನ ಹೆಸರನ್ನು ಹತ್ತು ಸಲ ಹೇಳಿ ಕಲಿತಿದ್ದ ಆ ಮೂವರೂ ಹೌದು ಎಂದರು. ಹೆಲ್ಮೆಟ್ ತೆಗೆದಿಟ್ಟದ್ದನ್ನು ನೋಡಿದ್ದೇವೆ ಎನ್ನುವವರು ಯಾರೂ ಇರಲಿಲ್ಲ. ನಮ್ಮ ಕಾಲೇಜಿನ ವಿಡಿಯೋದಲ್ಲಿ ಸರಿಯಾಗಿ ಅಷ್ಟೇ ಭಾಗ ಇರಲಿಲ್ಲ, ಕ್ಯಾಮೆರಾ ಬ್ಯಾಟರಿ ಹೋಗಿತ್ತಂತೆ. ಬೇಸಿಗೆಯಲ್ಲಿ ನನ್ನ ಕಾಂಟ್ರಾಕ್ಟು ಮುಗಿಯಿತು, ಮತ್ತೆ ಕೊಡಲಿಲ್ಲ. ಹೊರಡುವ ದಿನ ಕಾರಿಡಾರಿನಲ್ಲಿ ಎದುರಾದ. “ತೊಂಬತ್ತು ಹುಡುಗರ ಜೀವನದ ಪ್ರಶ್ನೆ ಇತ್ತು. ನಿಮಗೆ ಎಲ್ಲಾದ್ರೂ ಕೆಲಸ ಸಿಗುತ್ತೆ” ಎಂದ. ಕ್ಷಮಿಸಿ ಎನ್ನಲಿಲ್ಲ. ಆತನ ಲೆಕ್ಕದಲ್ಲಿ ನಾನು ಅಗ್ಗವಾಗಿದ್ದೆ, ಅಷ್ಟೆ.

ಕೆಲಸ ಸಿಕ್ಕಿತು, ಕ್ಯಾಂಪ್‌ಬೆಲ್ಲಿನ ಒಂದು ಕ್ಲಿನಿಕ್ಕಿನಲ್ಲಿ. ಕಂಪ್ಯೂಟರ್ ಮುಂದೆ ಕೂತು ಕತ್ತು ಹಿಡಿಸಿಕೊಂಡವರು ಬರುತ್ತಾರೆ, ಸರಿ ಮಾಡುತ್ತೇನೆ. ಸ್ಯಾನ್ ರಮೋನಿನ ನಮ್ಮ ಮನೆಯಿಂದ ದಿನಾ ಫ್ರೀವೇಯಲ್ಲಿ ಹೋಗಿ ಬರಬೇಕು. ಆ ಕಾರಿನೊಳಗೆ ಆರು ವರ್ಷ ನಾನು ಆತನೊಂದಿಗೆ ಮಾತಾಡಿದ್ದೇನೆ. ಸೀಟು ಖಾಲಿ, ಆದರೂ ಬೈದಿದ್ದೇನೆ, ಮಂಡಿಯೂರಿಸಿದ್ದೇನೆ, ಅಳಿಸಿದ್ದೇನೆ. ಶನಿವಾರ ಸಂಜೆ ಮೊದಲ ಕೆಲಸ ಆ ಕಾಲೇಜಿನ ಸ್ಕೋರ್ ನೋಡುವುದು. ಸೋತಿದ್ದರೆ ಬಿಸಿಬೇಳೆಬಾತ್ ಮಾಡುತ್ತಿದ್ದೆ, ತುಪ್ಪ ಹಾಕಿ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಫೋನು ನೋಡಿ, “ಅಮ್ಮಾ, ದೇ ಲಾಸ್ಟ್! ಬಿಸಿಬೇಳೆಬಾತ್?” ಎನ್ನುತ್ತಿದ್ದಳು. ಗಂಡ ಒಮ್ಮೆ ತಟ್ಟೆ ಮುಂದೆ ಇಟ್ಟುಕೊಂಡು ಕೇಳಿದರು, “ಇನ್ನೂ ಎಷ್ಟು ವರ್ಷ ಇದು, ರತ್ನಾ?”

“ತಿನ್ನಿ, ಆರುತ್ತೆ” ಎಂದೆ.

ಒಂದು ಬೇಸಿಗೆಯಲ್ಲಿ ಕನ್ನಡದವರ ಪಿಕ್‌ನಿಕ್ಕಿನಲ್ಲಿ ಹುಬ್ಬಳ್ಳಿಯ ಇರ್ಫಾನ್ ಪರಿಚಯವಾದ. ಈಗ ಸ್ಯಾನ್ ಫ್ರಾನ್ಸಿಸ್ಕೋದ ಕಂಪನಿಯೊಂದರಲ್ಲಿದ್ದಾನೆ. ಓದುವಾಗ ಖರ್ಚಿಗೆಂದು ತನ್ನ ಕಾಲೇಜಿನ ಪಂದ್ಯಗಳ ವಿಡಿಯೋ ತೆಗೆಯುತ್ತಿದ್ದೆ ಎಂದ. ಯಾವ ಕಾಲೇಜು ಎಂದು ಕೇಳಿದೆ. ಆ ಕೊನೆಯ ಪಂದ್ಯದಲ್ಲಿ ನಮ್ಮೆದುರು ಆಡಿದ ಕಾಲೇಜೇ. ಕೈಯಲ್ಲಿದ್ದ ತಟ್ಟೆಯನ್ನು ಬೆಂಚಿನ ಮೇಲಿಟ್ಟು ವರ್ಷ ಹೇಳಿದೆ.

“ಆ ಮ್ಯಾಚ್ ನಾನ ತಗದಿದ್ದೆನ್ರೀ ಅಕ್ಕಾ. ಒಬ್ಬ ಹುಡುಗ ಬಿದ್ದು ಭಾಳ ಸೀರಿಯಸ್ ಆಗಿತ್ತಲ್ಲ? ಹಾರ್ಡ್‌ಡಿಸ್ಕ್ ಮನ್ಯಾಗ ಐತಿ. ಯಾಕ್ರೀ, ಬೇಕೇನು?”

“ಬೇಕು” ಎಂದೆ. ಅಲ್ಲೇ ಅವನ ಫೋನ್ ನಂಬರ್ ಬರೆದುಕೊಂಡೆ.

ವಿಡಿಯೋದಲ್ಲಿ ಎಲ್ಲ ಇತ್ತು. ಆತ ಬೆಂಚಿನ ಹಿಂದೆ ಹೋಗಿ, ಬೇರೊಬ್ಬನ ಹೆಲ್ಮೆಟ್ ಎತ್ತಿಕೊಂಡು, ತನ್ನ ಕೈಯಾರೆ ಸಿಯೋನೆಯ ತಲೆಗೆ ಹಾಕಿ, ಗಲ್ಲದ ಪಟ್ಟಿ ಬಿಗಿದು, ಬೆನ್ನು ತಟ್ಟಿ ಕಳಿಸುತ್ತಾನೆ. ಆ ತುಣುಕನ್ನು ನಲವತ್ತು ಸಲವಾದರೂ ನೋಡಿದ್ದೇನೆ. ನನಗೆ ಆತನೊಬ್ಬನೇ ಕಾಣುತ್ತಿದ್ದ. ಪೇಪರಿಗೆ ಕೊಡಬೇಕು, ಕಾಲೇಜಿಗೆ ಕಳಿಸಬೇಕು, ಆ ಮೂವರ ಮನೆಗೂ ಒಂದೊಂದು ಪ್ರತಿ. ಎಲ್ಲ ಯೋಚಿಸಿದ್ದೆ. ಆದರೆ ಮೊದಲು ಸಿಯೋನೆಯ ಅಮ್ಮನಿಗೆ ತೋರಿಸಬೇಕಿತ್ತು.

ಅವಳ ಹೆಸರು ಮೆಲೆ. ಹೇವರ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮಗನೊಂದಿಗಿದ್ದಳು. ಅರವತ್ತರ ಹತ್ತಿರದ, ಅವಸರವೇ ಇಲ್ಲದ ಹೆಂಗಸು. ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನು ನನಗೆ ಕೇಳಿಸಿದ ಹಾಗೆ ಬರೆಯುತ್ತಿದ್ದೇನೆ.

“ಕೋಚ್ ಬಗ್ಗೆ ಅಂದ್ಯಲ್ಲ. ಅವನು ಪ್ರತಿ ಭಾನುವಾರ ಬರ್ತಾನೆ, ಚರ್ಚು ಮುಗಿದ ಮೇಲೆ. ಆರು ವರ್ಷದಿಂದ. ಒಂದು ವಾರವೂ ತಪ್ಪಿಸಿಲ್ಲ. ಗ್ರೋಸರಿ ತರ್ತಾನೆ, ಸಿಯೋನೆಗೆ ಶೇವ್ ಮಾಡ್ತಾನೆ. ಗೊತ್ತಿತ್ತಾ ನಿನಗೆ?”

ನನಗೆ ಗೊತ್ತಿರಲಿಲ್ಲ. ಮೈ ಉರಿದುಹೋಯಿತು. ಮಾಡಿದ್ದರಿಂದ ತಪ್ಪಿಸಿಕೊಂಡದ್ದಲ್ಲದೆ ಇಲ್ಲಿ ಒಳ್ಳೆಯವನೂ ಆಗಿಬಿಟ್ಟನಲ್ಲ ಎನಿಸಿತು.

“ಸಿಯೋನೆ ಪ್ರತಿ ವಾರ ಅವನನ್ನ ಕೇಳ್ತಾನೆ,” ಮೆಲೆ ಹೇಳಿದಳು, “‘ಕೋಚ್, ಅವತ್ತು ನನಗೆ ಏನಾಯ್ತು?’ ಅಂತ. ಮರೆತಿರ್ತಾನಲ್ಲ. ಕೋಚ್ ಹೇಳ್ತಾನೆ, ‘ಬಿದ್ದೆ ಮಗನೇ. ಯಾರ ತಪ್ಪೂ ಅಲ್ಲ.’”

ಲ್ಯಾಪ್‌ಟಾಪ್ ತೆರೆದು ವಿಡಿಯೋ ಹಾಕಿದೆ. ಅವಳು ನೋಡಿದಳು. ಮತ್ತೊಮ್ಮೆ ಹಾಕು ಎಂದಳು. ಆತ ಪಟ್ಟಿ ಬಿಗಿಯುವ ಕಡೆ ನಿಲ್ಲಿಸು ಎಂದಳು, ತುಂಬ ಹೊತ್ತು ನೋಡಿದಳು. ಮುಂದಕ್ಕೆ ಬಿಡಲು ಹೇಳಿದಳು. ಆಮೇಲೆ ಬೆರಳನ್ನು ಪರದೆಯ ಬಲ ಅಂಚಿಗೆ ಒಯ್ದಳು.

“ಇದು ಯಾರು?”

ಬಿಳಿ ಗೆರೆಯ ಮೇಲೆ ಒಬ್ಬ ಹೆಂಗಸು ಕೈಕಟ್ಟಿ ನಿಂತಿದ್ದಳು. ನಲವತ್ತು ಸಲ ನೋಡಿದ ನನಗೆ ಅವಳು ಒಮ್ಮೆಯೂ ಕಂಡಿರಲಿಲ್ಲ.

“ನಾನು.”

“ಏನು ಮಾಡ್ತಾ ಇದ್ದೀಯ?”

ಪರದೆಯ ಮೇಲೆ ನನ್ನ ಮುಖ ಸಿಯೋನೆಯತ್ತಲೇ ಇತ್ತು. ಒಂದು ಸಲ ಚೆಂಡು ಹೊರಟಿತು. ನಾನು ಅಲ್ಲಾಡಲಿಲ್ಲ. ಇನ್ನೊಂದು ಸಲ ಹೊರಟಿತು. ಆಟ ನಿಲ್ಲಿಸಬಹುದಾಗಿದ್ದ ರೆಫರಿ ನನ್ನಿಂದ ಇಪ್ಪತ್ತು ಹೆಜ್ಜೆಯಲ್ಲಿದ್ದ. ಬಾಯಿ ತೆರೆದದ್ದೂ ಇಲ್ಲ, ಕೈ ಎತ್ತಿದ್ದೂ ಇಲ್ಲ. ಮೂರನೆಯದರಲ್ಲಿ ಅವನು ಬಿದ್ದ ಮೇಲೆ ಆ ಹೆಂಗಸು ಓಡಿದಳು.

“ನಿಂತಿದ್ದೀನಿ” ಎಂದೆ.

“ಯಾಕೆ?”

ಆಗ ನೆನಪಾಯಿತು. ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡಿದ್ದು ಇಷ್ಟು: ಆಡಿಸಲಿ. ಏನಾದರೂ ಆಗಲಿ. ಆಗ ಎಲ್ಲರಿಗೂ ಗೊತ್ತಾಗುತ್ತದೆ, ನಾನು ಹೇಳಿದ್ದೇ ಸರಿ ಎಂದು. ಮೆಲೆಗೆ ಅದನ್ನು ಹಾಗೇ ಹೇಳಿದೆ. ಅವಳು ನನ್ನನ್ನು ಹೊರಗೆ ಹಾಕುತ್ತಾಳೆ ಎಂದುಕೊಂಡೆ. ಲ್ಯಾಪ್‌ಟಾಪನ್ನು ತಾನೇ ಮುಚ್ಚಿದಳು.

“ಇದನ್ನ ಇಲ್ಲೇ ಬಿಟ್ಟುಹೋಗು. ಭಾನುವಾರ ಬಾ.”

ಭಾನುವಾರ ನಾನು ಮೊದಲೇ ಹೋಗಿ ಕೂತಿದ್ದೆ. ಆತ ಎರಡು ಕೈಯಲ್ಲೂ ಗ್ರೋಸರಿ ಚೀಲ ಹಿಡಿದು ಒಳಗೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ನಿಂತ. “ನಾಗರತ್ನ” ಎಂದ. ಉಚ್ಚಾರ ಒಂದಿಷ್ಟೂ ಕೆಟ್ಟಿರಲಿಲ್ಲ.

ಮೆಲೆ ಆತನನ್ನು ಕೂರಿಸಿ, ವಿಡಿಯೋ ಹಾಕಿದಳು. ಆತ ಕೊನೆಯ ತನಕ ನೋಡಿದ. ವಾದ ಮಾಡುತ್ತಾನೆ, ಸುಳ್ಳು ಹೇಳುತ್ತಾನೆ, ನನ್ನ ಮೇಲೆ ಎಗರುತ್ತಾನೆ ಎಂದು ನಾನು ಸಿದ್ಧಳಾಗಿ ಹೋಗಿದ್ದೆ. ಆರು ವರ್ಷ ಕಾರಿನಲ್ಲಿ ರೂಢಿಸಿಕೊಂಡ ಮಾತುಗಳಿದ್ದವು. ಒಂದೂ ಬೇಕಾಗಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಮೆಲೆಯ ಕಡೆ ತಿರುಗಿದ.

“ಪೊಲೀಸಿಗೆ ಹೋಗಲ್ಲ. ಪೇಪರಿಗೂ ಹೋಗಲ್ಲ,” ಎಂದಳು ಮೆಲೆ. “ನನ್ನ ಮಗ ಈಗ ಎದ್ದು ಬರ್ತಾನೆ. ಕೇಳ್ತಾನೆ. ನೀನು ಹೇಳಬೇಕು. ಪ್ರತಿ ವಾರ ಕೇಳ್ತಾನೆ, ಪ್ರತಿ ವಾರ ಹೇಳಬೇಕು. ಬರೋದು ನಿಲ್ಲಿಸೋ ಹಾಗಿಲ್ಲ.”

ಸಿಯೋನೆ ಕೋಣೆಯಿಂದ ಬಂದು ಆತನನ್ನು ತಬ್ಬಿಕೊಂಡ. ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಕೇಳಿದ, ಒಂದೊಂದೇ ಪದ ಹುಡುಕಿ.

“ಕೋಚ್, ಅವತ್ತು... ನನಗೆ ಏನಾಯ್ತು?”

“ನೀನು ಬಿದ್ದೆ, ಮಗನೇ...”

“ಮೊದಲಿಂದ,” ಎಂದಳು ಮೆಲೆ.

ಆತನ ದನಿ ಪಿಸುಮಾತಿಗೆ ಇಳಿಯಿತು. “ನಿನ್ನ ತಲೆಗೆ ಪೆಟ್ಟಾಗಿತ್ತು. ಆಡಿಸಬೇಡಿ ಅಂತ ಡಾಕ್ ನನಗೆ ಹೇಳಿದ್ರು. ನಾನು ಕೇಳಲಿಲ್ಲ. ಬೇರೆ ಹೆಲ್ಮೆಟ್ ತಂದು ನಾನೇ ನಿನಗೆ ಹಾಕಿದೆ. ನಾನೇ ಒಳಗೆ ಕಳಿಸಿದೆ. ಆಮೇಲೆ, ಡಾಕ್ ಹೇಳೇ ಇಲ್ಲ ಅಂತ ಸುಳ್ಳು ಹೇಳಿದೆ.”

ಸಿಯೋನೆಗೆ ಅದನ್ನು ಒಳಗೆ ತೆಗೆದುಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಕೇಳಿದ, “ನಾವು ಗೆದ್ವಾ?”

“ಗೆದ್ವಿ.”

ಅವನು ನಕ್ಕ. ಕೋಚ್‌ನ ಬೆನ್ನು ತಟ್ಟಿದ. ಆಗ ಆ ದೊಡ್ಡ ಆಳು ಮುಖ ಮುಚ್ಚಿಕೊಂಡದ್ದನ್ನು ನೋಡಿದೆ. ನನಗೆ ಖುಷಿಯಾಯಿತು. ಸುಮ್ಮನೆ ಖುಷಿಯಲ್ಲ, ಹೊಟ್ಟೆ ತುಂಬ ಉಂಡ ಮೇಲಿನ ತೃಪ್ತಿಯಂಥದ್ದು. ಬರೆಯಲು ನಾಚಿಕೆಯಾಗುತ್ತಿಲ್ಲ.

ನನ್ನ ಭಾಗವನ್ನು ಅವತ್ತು ಯಾರೂ ಹೇಳಿಸಲಿಲ್ಲ. ಬಾಗಿಲ ತನಕ ಬಂದ ಮೆಲೆ, “ನಿನಗೆ ಇನ್ನೂ ಧೈರ್ಯ ಬಂದಿಲ್ಲ. ಬಂದಾಗ ಬಾ” ಎಂದಳಷ್ಟೆ. ಅದಾದ ಮೇಲೂ ಮೂರು ಭಾನುವಾರ ಹೋದೆ, ನನ್ನದನ್ನು ಹೇಳಲು ಅಲ್ಲ, ಆತ ಹೇಳುವುದನ್ನು ಕೇಳಲು. ಮೂರು ಸಲವೂ ಆತ ಪದ ಬಿಡದೆ ಹೇಳಿದ. ಮೂರು ಸಲವೂ ಹುಡುಗ ಹೊಸದಾಗಿ ಕೇಳಿಸಿಕೊಂಡು, ಗೆದ್ವಾ ಎಂದು ಕೇಳಿ, ನಕ್ಕ. ನಾಲ್ಕನೆಯ ವಾರ ನನಗೆ ಹೋಗಲಾಗಲಿಲ್ಲ. ಆತನ ಮೇಲೆ ಕನಿಕರ ಬಂದುಬಿಡುತ್ತದೆ ಎಂದು ಹೆದರಿದೆ.

ಮುಂದಿನ ಸೀಸನ್ನು ಶುರುವಾಗುವ ಮೊದಲೇ ಆತ ರಾಜೀನಾಮೆ ಕೊಟ್ಟ. ಕಾರಣ ಹೇಳಲಿಲ್ಲ. ಆರೋಗ್ಯವಿರಬೇಕು ಎಂದು ಎಲ್ಲರೂ ಅಂದುಕೊಂಡರು. ಆಮೇಲೆ ನಿಜವಾಗಿಯೂ ಶ್ವಾಸಕೋಶಕ್ಕೆ ಕಾಯಿಲೆ ಬಂತು. ಮೂಗಿಗೆ ಆಕ್ಸಿಜನ್ ನಳಿಗೆ, ಪಕ್ಕದಲ್ಲಿ ಎಳೆದುಕೊಂಡು ಬರುವ ಸಿಲಿಂಡರು. ಹಾಗಿದ್ದೂ ಭಾನುವಾರ ಬರುತ್ತಿದ್ದನಂತೆ. ಕೊನೆಕೊನೆಗೆ ಆ ಆರು ವಾಕ್ಯ ಹೇಳುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು ಎಂದು ಮೆಲೆ ಫೋನಿನಲ್ಲಿ ಹೇಳಿದಳು. ಇನ್ನು ಆತನನ್ನು ಬಿಟ್ಟುಬಿಡಿ ಎಂದು ನಾನು ಮೆಲೆಗೆ ಹೇಳಬಹುದಿತ್ತು. ಹೇಳಲಿಲ್ಲ.

ಶ್ರದ್ಧಾಂಜಲಿ ಸಭೆ ಕಾಲೇಜಿನ ಜಿಮ್ಮಿನಲ್ಲಿ, ಒಂದು ಶನಿವಾರ. ಅಧ್ಯಕ್ಷರು ಮಾತಾಡಿದರು. ಆ ಮೂವರಲ್ಲಿ ಒಬ್ಬ ಮಾತಾಡಿದ, ಅತ್ತ. ಕೊನೆಗೆ ಮೆಲೆ ಎದ್ದು ಮೈಕಿನ ಹತ್ತಿರ ಹೋದಳು. ಜನರೆಲ್ಲ ತಿರುಗಿ ನೋಡಿದರು. ನಾನು ಹಿಂದಿನ ಸಾಲಿನಲ್ಲಿ ಕುರ್ಚಿಯ ಅಂಚು ಹಿಡಿದುಕೊಂಡೆ. ಈಗ ಹೇಳುತ್ತಾಳೆ, ಇಷ್ಟೂ ಜನರೆದುರು ಹೇಳಿಬಿಡಲಿ ಎಂದು ನನ್ನ ರಕ್ತವೆಲ್ಲ ಕೂಗುತ್ತಿತ್ತು.

“ಅವನು ಪ್ರತಿ ಭಾನುವಾರ ನನ್ನ ಮನೆಗೆ ಬಂದ” ಎಂದಳು ಮೆಲೆ. ಇಳಿದುಬಂದಳು.

ಜಿಮ್ಮಿನ ತುಂಬ ಜನ ಅತ್ತರು. ಎಂಥ ಮನುಷ್ಯ ಎಂದು ಪಕ್ಕದವರು ಪಕ್ಕದವರಿಗೆ ಹೇಳಿದರು. ಹೊರಗೆ ಪಾರ್ಕಿಂಗಿನಲ್ಲಿ ಮೆಲೆ ನನ್ನ ಕಾರಿನ ಹತ್ತಿರ ಬಂದು ನಿಂತಳು.

“ನಾಳೆ ಭಾನುವಾರ” ಎಂದಳು.

ಹೋದೆ. ಸಿಯೋನೆ ನನ್ನ ಗುರುತು ಹಿಡಿದ. ಪಕ್ಕದಲ್ಲಿ ಕೂತು, ಆತನನ್ನು ಕೇಳುತ್ತಿದ್ದುದನ್ನೇ ನನ್ನನ್ನು ಕೇಳಿದ. ಹೇಳಿದೆ, ನನ್ನಿಂದಲೇ ಶುರುಮಾಡಿ: “ನೀನು ಒಳಗೆ ಇರೋದನ್ನ ನಾನು ನೋಡಿದೆ. ನಿಲ್ಲಿಸಬಹುದಾಗಿತ್ತು. ಕೋಚ್ ಮೇಲಿನ ಸಿಟ್ಟಿಗೆ ಸುಮ್ಮನೆ ನಿಂತಿದ್ದೆ.” ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಬಾಗಿಲ ಕಡೆ ನೋಡಿ ಕೇಳಿದ, ಕೋಚ್ ಯಾಕೆ ಇನ್ನೂ ಬಂದಿಲ್ಲ?

ಇದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಮೆಲೆ ಅಡುಗೆಮನೆಯಿಂದ ಬರಲಿಲ್ಲ. ನಾನೇ ಹೇಳಬೇಕಾಯಿತು. ತೀರಿಕೊಂಡರು, ಸಿಯೋನೆ.

ಹೇಳುವುದು ಇಂಗ್ಲಿಷಿನಲ್ಲಿ, ಆದರೂ ಹಾಗೆ ಹೇಳುವಾಗ ನನ್ನೊಳಗಿನ ಕನ್ನಡದಲ್ಲಿ ‘ಅವರು’ ಬರುತ್ತದೆ, ಬೇರೆ ದಾರಿಯಿಲ್ಲ. ಗೋಡೆಯಂಥ ಆ ಮೈ ಮಡಚಿಕೊಂಡು ಅವನು ಅಳುತ್ತಾನೆ, ಅಪ್ಪ ಹೋದ ಹಾಗೆ. ಮರುವಾರ ಅವನಿಗೆ ಅದು ನೆನಪಿರುವುದಿಲ್ಲ. ಮತ್ತೆ ಕೇಳುತ್ತಾನೆ, ಮತ್ತೆ ಹೇಳುತ್ತೇನೆ, ಮತ್ತೆ ಮೊದಲ ಸಲ ಕೇಳಿದವನಂತೆ ಅಳುತ್ತಾನೆ. ಹನ್ನೊಂದು ವಾರವಾಯಿತು. ಆ ಮನುಷ್ಯನನ್ನು ನಾನು ಇನ್ನೂ ಕ್ಷಮಿಸಿಲ್ಲ. ಸಿಯೋನೆಯ ಅಳು ನಿಲ್ಲುವ ತನಕ ಅವನ ಕೈ ಹಿಡಿದುಕೊಂಡು ಕೂತಿರುತ್ತೇನೆ.